ಫೈಬರ್ ಎಲ್ಲಿ ತುಂಡಾಗಿದೆ ಅಂತ ಮೀಟರ್ ಹೇಳುತ್ತದೆ, ಆ ಜಾಗ ಸಿಗುವುದಿಲ್ಲ ಯಾಕೆ?

ಮಳೆಗಾಲದಲ್ಲಿ ಮೋಡೆಮ್ ಮೇಲೆ ಕೆಂಪು ದೀಪ ಹತ್ತಿದರೆ ಕೊಡಗಿನವರು ಫೋನ್ ಮಾಡಿ ಕೇಳುವುದು ಒಂದೇ ಮಾತು: ಯಾವಾಗ ಸರಿಹೋಗುತ್ತೆ? ಆ ಕಡೆಯಿಂದ ಬರುವ ಉತ್ತರವೂ ಒಂದೇ: ಫೈಬರ್ ಕಟ್ ಆಗಿದೆ, ಹುಡುಕ್ತಾ ಇದ್ದಾರೆ. ಒಂದು ದಿನ ಹೋಗುತ್ತದೆ, ಎರಡು ದಿನ ಹೋಗುತ್ತದೆ. ಒಳಗಿನ ಊರಾದರೆ ಇನ್ನೂ ಜಾಸ್ತಿ.

ಈ ‘ಹುಡುಕ್ತಾ ಇದ್ದಾರೆ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯಾಕೆಂದರೆ ಗಾಜಿನ ಎಳೆ ಎಷ್ಟು ದೂರದಲ್ಲಿ ತುಂಡಾಗಿದೆ ಅಂತ ಹೇಳುವ ಉಪಕರಣ ಇದೆ. ಅದಕ್ಕೆ ಓಟಿಡಿಆರ್ ಅನ್ನುತ್ತಾರೆ. ಮೇಲೆ ಮೀಟರ್ ಅಂದದ್ದು ಇದನ್ನೇ. ಕೇಬಲಿನ ಒಂದು ತುದಿಗೆ ಜೋಡಿಸಿ ಗುಂಡಿ ಒತ್ತಿದರೆ ಒಂದೆರಡು ನಿಮಿಷದಲ್ಲಿ ತೆರೆಯ ಮೇಲೆ ಬರುತ್ತದೆ: 7.148 ಕಿಲೋಮೀಟರ್. ಮೀಟರ್ ಲೆಕ್ಕಕ್ಕೇ ಹೇಳುತ್ತದೆ. ಹಾಗಿದ್ದರೂ ಲೈನಿನ ಹುಡುಗರು ರೇನ್‌ಕೋಟ್ ಹಾಕಿಕೊಂಡು ತೋಟದಿಂದ ತೋಟಕ್ಕೆ ಅಲೆಯುವುದು ಯಾಕೆ?

ನನಗೆ ಅನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ತೊಂದರೆ ಮೀಟರಿನದ್ದಲ್ಲ, ಆ ಹುಡುಗರದ್ದೂ ಅಲ್ಲ. ಮೀಟರ್ ಹೇಳುವುದು ಗಾಜಿನೊಳಗಿನ ದೂರ. ಅದನ್ನು ನೆಲದ ಮೇಲಿನ ಜಾಗಕ್ಕೆ ಇಳಿಸಬೇಕಾದರೆ ಕೇಬಲ್ ಯಾವ ದಾರಿಯಲ್ಲಿ ಹೋಗಿದೆ, ಜಾಯಿಂಟ್ ಎಲ್ಲೆಲ್ಲಿ ಇದೆ, ಯಾವ ಕಂಬದಲ್ಲಿ ಎಷ್ಟು ಕೇಬಲ್ ಸುತ್ತಿ ಇಟ್ಟಿದ್ದಾರೆ ಅನ್ನುವ ದಾಖಲೆ ಬೇಕು. ಆ ದಾಖಲೆ ಇಲ್ಲದಿದ್ದರೆ ಎಷ್ಟು ಒಳ್ಳೆಯ ಮೀಟರ್ ಇದ್ದರೂ ಅರ್ಧ ಕೆಲಸ ಮಾತ್ರ ಆಗುತ್ತದೆ.

ಇದು ಅರ್ಥವಾಗಬೇಕಾದರೆ ಫೈಬರ್‌ನಲ್ಲಿ ಬೆಳಕು ಹೇಗೆ ಕಮ್ಮಿಯಾಗುತ್ತದೆ ಅನ್ನುವುದರಿಂದ ಶುರು ಮಾಡಬೇಕು. ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡುವುದು ಅದರ ನಡುವಿನ ತಿರುಳಿನಲ್ಲಿ. ಅದು ಸುಮಾರು 9 ಮೈಕ್ರಾನ್ ಮಾತ್ರ. ಎಷ್ಟೇ ಶುದ್ಧವಾದ ಗಾಜಾದರೂ ದಾರಿಯುದ್ದಕ್ಕೂ ಬೆಳಕು ಸ್ವಲ್ಪ ಸ್ವಲ್ಪ ಹೋಗುತ್ತಾ ಇರುತ್ತದೆ. ಈ ಲಾಸ್ ಅನ್ನು ಡಿಬಿಯಲ್ಲಿ, ಅಂದರೆ ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 3 ಡಿಬಿ ಹೋದರೆ ಬೆಳಕು ಅರ್ಧವಾಯಿತು ಅಂತ. 10 ಡಿಬಿ ಹೋದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು. 20 ಡಿಬಿ ಹೋದರೆ ನೂರರಲ್ಲಿ ಒಂದು ಪಾಲು.

1966ರಲ್ಲಿ ಚಾರ್ಲ್ಸ್ ಕಾವೋ ಅವರು, ಕಿಲೋಮೀಟರಿಗೆ 20 ಡಿಬಿಗಿಂತ ಕಮ್ಮಿ ಲಾಸ್ ಇರುವ ಗಾಜು ಸಿಕ್ಕಿದರೆ ಅದರಲ್ಲಿ ಫೋನ್ ಮಾತು ಸಾಗಿಸಬಹುದು ಎಂದು ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂದದ್ದು ಇದಕ್ಕೇ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ 17 ಡಿಬಿಗೆ ಇಳಿಸಿತು. ಇವತ್ತು ನಮ್ಮ ರಸ್ತೆ ಬದಿಯಲ್ಲಿ ಹೋಗುವ ಮಾಮೂಲಿ ಫೈಬರ್‌ನಲ್ಲಿ 1550 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.2 ಡಿಬಿ ಲಾಸ್. ಸುಮಾರು 15 ಕಿಲೋಮೀಟರ್ ಓಡಿದ ಮೇಲೆ ಬೆಳಕು ಅರ್ಧವಾಗುತ್ತದೆ ಅಷ್ಟೇ. 1310 ನ್ಯಾನೋಮೀಟರ್ ಬೆಳಕಿಗೆ ಲಾಸ್ ಸುಮಾರು 0.35 ಡಿಬಿ.

ಈ ಎರಡರ ನಡುವೆ ವ್ಯತ್ಯಾಸ ಯಾಕೆ? ಗಾಜು ಕರಗಿ ಗಟ್ಟಿಯಾಗುವಾಗ ಅದರೊಳಗೆ ಬಹಳ ಸಣ್ಣ ಏರುಪೇರುಗಳು ಉಳಿದುಬಿಡುತ್ತವೆ. ಅವುಗಳಿಗೆ ತಾಗಿದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಇದನ್ನು ರೇಲೀ ಚದುರುವಿಕೆ ಅನ್ನುತ್ತಾರೆ. ಆಕಾಶ ನೀಲಿಯಾಗಿ ಕಾಣುವುದಕ್ಕೂ ಇದೇ ಕಾರಣ. ಅಲೆ ಉದ್ದವಾದಷ್ಟೂ ಚದುರುವುದು ಕಮ್ಮಿ. ಹಾಗಾಗಿ 1550ರಲ್ಲಿ ಲಾಸ್ ಕಮ್ಮಿ. ಹೀಗೆ ಚದುರಿದ ಬೆಳಕಿನಲ್ಲಿ ಒಂದು ಚೂರು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಓಟಿಡಿಆರ್ ನಿಂತಿರುವುದು ಆ ಚೂರಿನ ಮೇಲೆ.

ಅದಕ್ಕಿಂತ ಮೊದಲು ಎರಡು ಸುಲಭದ ಉಪಕರಣಗಳ ಬಗ್ಗೆ. ಒಂದು ಪವರ್ ಮೀಟರ್. ಒಂದು ತುದಿಯಲ್ಲಿ ಗೊತ್ತಿರುವಷ್ಟು ಬೆಳಕು ಬಿಟ್ಟು, ಇನ್ನೊಂದು ತುದಿಯಲ್ಲಿ ಎಷ್ಟು ಬಂತು ಅಂತ ನೋಡುವುದು. ಓದುವುದು ಡಿಬಿಎಂನಲ್ಲಿ. ಸೊನ್ನೆ ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್. ಮೈನಸ್ 20 ಅಂದರೆ ಅದರ ನೂರನೇ ಒಂದು ಭಾಗ. ಇಡೀ ಲೈನಿನ ಒಟ್ಟು ಲಾಸ್ ಎಷ್ಟು ಅನ್ನುವುದಕ್ಕೆ ಇದಕ್ಕಿಂತ ನಂಬಿಕೆಯ ಅಳತೆ ಇಲ್ಲ. ಆದರೆ ಲಾಸ್ ಎಲ್ಲಿ ಆಗಿದೆ ಅಂತ ಇದು ಹೇಳುವುದಿಲ್ಲ. ಇನ್ನೊಂದು, ಪೆನ್ನಿನ ಆಕಾರದ ಕೆಂಪು ಲೇಸರ್. 650 ನ್ಯಾನೋಮೀಟರ್ ಆಸುಪಾಸಿನ, ಕಣ್ಣಿಗೆ ಕಾಣುವ ಬೆಳಕು. ಎಳೆ ಮುರಿದ ಕಡೆ ಅಥವಾ ಜಾಸ್ತಿ ಬಾಗಿದ ಕಡೆ ಕೆಂಪಗೆ ಹೊಳೆಯುತ್ತದೆ. ಮನೆಯೊಳಗೆ, ಜಾಯಿಂಟ್ ಡಬ್ಬಿಯೊಳಗೆ ಬಹಳ ಉಪಯೋಗ. ಕಪ್ಪು ಹೊದಿಕೆಯ ಕೇಬಲ್ ಹೊರಗೆ ಕಂಬದ ಮೇಲೆ ಹೋಗುವಾಗ ಇದರಿಂದ ಏನೂ ಕಾಣುವುದಿಲ್ಲ. ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ಮಾತ್ರ ಯಾರೂ ನೋಡಬಾರದು. ಇಂಟರ್ನೆಟ್ ಹೊತ್ತು ತರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ಈಗ ಓಟಿಡಿಆರ್. ಇದರ ಹಿಂದಿನ ವಿಚಾರವನ್ನು 1976ರಲ್ಲಿ ಬಾರ್ನೋಸ್ಕಿ ಮತ್ತು ಜೆನ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದರು. ರಾಜಾಸೀಟಿನ ಅಂಚಿನಲ್ಲಿ ನಿಂತು ಕಣಿವೆಗೆ ಕೂಗಿದರೆ ಮರುದನಿ ಬರಲು ಹಿಡಿಯುವ ಸಮಯದಿಂದ ಎದುರಿನ ಗುಡ್ಡ ಎಷ್ಟು ದೂರ ಅಂತ ಲೆಕ್ಕ ಹಾಕಬಹುದಲ್ವಾ, ಕೆಲಸ ಅದೇ ರೀತಿಯದ್ದು. ಉಪಕರಣ ಒಂದು ಚಿಕ್ಕ ಮಿಂಚು ಬೆಳಕನ್ನು ಎಳೆಯೊಳಗೆ ಬಿಡುತ್ತದೆ. ಆಮೇಲೆ ಹಿಂದಕ್ಕೆ ಬರುವ ಬೆಳಕನ್ನು ಕ್ಷಣ ಕ್ಷಣಕ್ಕೂ ಅಳೆಯುತ್ತದೆ. ಹಾಗೆ ಸಾವಿರಾರು ಸಲ ಬಿಟ್ಟು, ಅಳೆದು, ಸರಾಸರಿ ತೆಗೆಯುತ್ತದೆ.

ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2,04,000 ಕಿಲೋಮೀಟರ್. ಒಂದು ಕಿಲೋಮೀಟರ್ ಹೋಗಿ ಬರಲು ಹತ್ತು ಮೈಕ್ರೋಸೆಕೆಂಡಿಗೆ ಸ್ವಲ್ಪ ಕಮ್ಮಿ. ಮರುಬೆಳಕು 70 ಮೈಕ್ರೋಸೆಕೆಂಡಿಗೆ ಬಂದರೆ ದೂರ ಸುಮಾರು 7.15 ಕಿಲೋಮೀಟರ್.

ತೆರೆಯ ಮೇಲೆ ಒಂದು ಗೆರೆ ಮೂಡುತ್ತದೆ. ಎಡದಿಂದ ಬಲಕ್ಕೆ ನಿಧಾನವಾಗಿ ಇಳಿಯುವ ಗೆರೆ. ಆ ಇಳಿಜಾರು ಗಾಜಿನ ಸಹಜ ಲಾಸ್. ನಡುವೆ ಚಿಕ್ಕ ಮೆಟ್ಟಿಲು ಕಂಡರೆ ಅಲ್ಲೊಂದು ಸ್ಪ್ಲೈಸ್, ಅಂದರೆ ಎರಡು ಎಳೆಗಳನ್ನು ಕರಗಿಸಿ ಬೆಸೆದ ಜಾಯಿಂಟ್, ಅಥವಾ ಬಾಗು. ಚೂಪಾದ ಕೋಡು ಎದ್ದು ಆಮೇಲೆ ಮೆಟ್ಟಿಲು ಇಳಿದಿದ್ದರೆ ಅದು ಕನೆಕ್ಟರ್. ಗೆರೆ ಒಮ್ಮೆಲೇ ತಳಕ್ಕೆ ಬಿದ್ದು, ಆಚೆ ಬರೀ ಗದ್ದಲದ ಗೀಚು ಇದ್ದರೆ ಫೈಬರ್ ಅಲ್ಲಿಗೆ ಮುಗಿಯಿತು. ಅಲ್ಲಿ ಮುಗಿಯಬಾರದಿತ್ತು ಅನ್ನುವುದಾದರೆ ಅದೇ ಕಟ್.

ಕಟ್ ಆದ ತುದಿ ನೆಟ್ಟಗೆ ಮುರಿದಿದ್ದರೆ ಗಾಜಿನಿಂದ ಗಾಳಿಗೆ ದಾಟುವ ಕಡೆ ಬೆಳಕಿನ ಸುಮಾರು ನೂರಕ್ಕೆ 4 ಪಾಲು ಹಿಂದಕ್ಕೆ ಬರುತ್ತದೆ. ತೆರೆಯ ಮೇಲೆ ದೊಡ್ಡ ಕೋಡು ಕಾಣುತ್ತದೆ. ಆದರೆ ಮರ ಬಿದ್ದು ಜಜ್ಜಿದ ತುದಿ ಹಾಗಿರುವುದಿಲ್ಲ. ಕೋಡೇ ಇಲ್ಲದೆ ಗೆರೆ ಸುಮ್ನೆ ಬೀಳುತ್ತದೆ. ನಮ್ಮ ಮಳೆಗಾಲಕ್ಕೆ ಇನ್ನೊಂದು ವಿಶೇಷ ಇದೆ. ಮುರಿದ ತುದಿ ನೀರಿನಲ್ಲಿ ಮುಳುಗಿದ್ದರೆ, ಗಾಜಿಗೂ ನೀರಿಗೂ ಇರುವ ವ್ಯತ್ಯಾಸ ಗಾಜಿಗೂ ಗಾಳಿಗೂ ಇರುವಷ್ಟಿಲ್ಲ. ಆಗ ಹಿಂದಕ್ಕೆ ಬರುವುದು ಸಾವಿರಕ್ಕೆ ಎರಡು ಪಾಲಿನಷ್ಟು. ಬೇಸಿಗೆಯಲ್ಲಿ ಎದ್ದು ಕಾಣುವ ಅದೇ ಕಟ್ ಆಟಿ ತಿಂಗಳ ಚರಂಡಿಯಲ್ಲಿ ಮಂಕಾಗಿ ಕಾಣುತ್ತದೆ. ಬರೀ ಕೋಡನ್ನೇ ಹುಡುಕುವ ಹೊಸಬರಿಗೆ ಇದು ತಪ್ಪಿಹೋಗುತ್ತದೆ. ಹುಡುಕಬೇಕಾದ್ದು ಗೆರೆ ಬಿದ್ದ ಜಾಗವನ್ನು.

ಈ ಉಪಕರಣಕ್ಕೂ ಕುರುಡು ಜಾಗ ಇದೆ. ದೂರ ನೋಡಬೇಕಾದರೆ ಬೆಳಕಿನ ಮಿಂಚು ಉದ್ದ ಇರಬೇಕು. 10 ಮೈಕ್ರೋಸೆಕೆಂಡಿನ ಮಿಂಚು ಅಂದರೆ ಗೆರೆಯಲ್ಲಿ ಅದೇ ಒಂದು ಕಿಲೋಮೀಟರ್ ಜಾಗ ನುಂಗುತ್ತದೆ. ಅದರೊಳಗೆ ಹತ್ತಿರ ಹತ್ತಿರ ಇರುವ ಎರಡು ಜಾಯಿಂಟ್ ಬೇರೆ ಬೇರೆ ಕಾಣುವುದಿಲ್ಲ. 10 ನ್ಯಾನೋಸೆಕೆಂಡಿನ ಮಿಂಚು ಬಿಟ್ಟರೆ ಮೀಟರ್ ಲೆಕ್ಕಕ್ಕೆ ಬಿಡಿಸಿ ನೋಡಬಹುದು, ಆದರೆ ದೂರಕ್ಕೆ ಶಕ್ತಿ ಸಾಲುವುದಿಲ್ಲ. ಉಪಕರಣದ ಬಾಯಲ್ಲೇ ಇರುವ ಕನೆಕ್ಟರ್ ಹೊಳಪು ಮೊದಲ ಕೆಲವು ಮೀಟರ್‌ಗಳನ್ನು ಮುಚ್ಚಿಬಿಡುತ್ತದೆ. ಅದಕ್ಕೆ ನಡುವೆ ಬೇರೆಯದೇ ಒಂದು ಫೈಬರ್ ಸುರುಳಿ ಹಾಕಿ ಅಳೆಯಬೇಕು. ಗಡಿಬಿಡಿಯಲ್ಲಿ ಇದನ್ನು ಬಿಟ್ಟರೆ ಎಕ್ಸ್‌ಚೇಂಜ್ ಹೊರಗಿನ ಮೊದಲ ಕಂಬದಲ್ಲೇ ಇರುವ ದೋಷ ಕಾಣದೆ ಹೋಗಬಹುದು.

ಎರಡು ಬಣ್ಣದಲ್ಲಿ ಅಳೆಯುವುದಕ್ಕೂ ಕಾರಣ ಇದೆ. ಫೈಬರ್ ಜಾಸ್ತಿ ಬಾಗಿದರೆ 1550ರ ಬೆಳಕು 1310ಕ್ಕಿಂತ ಬಹಳ ಜಾಸ್ತಿ ಹೊರಗೆ ಹೋಗುತ್ತದೆ. ಒಂದೇ ಜಾಗದಲ್ಲಿ 1310ರಲ್ಲಿ ಚಿಕ್ಕ ಮೆಟ್ಟಿಲು, 1550ರಲ್ಲಿ ದೊಡ್ಡ ಮೆಟ್ಟಿಲು ಕಂಡರೆ ಅಲ್ಲಿ ಕೇಬಲ್ ಮಡಚಿದೆ ಅಥವಾ ಒತ್ತಡಕ್ಕೆ ಸಿಕ್ಕಿದೆ ಅಂತ ಅರ್ಥ. ಎರಡರಲ್ಲೂ ಸರಿಸುಮಾರು ಒಂದೇ ಅಳತೆಯ ಮೆಟ್ಟಿಲಾದರೆ ಸ್ಪ್ಲೈಸ್ ಕೆಟ್ಟಿರುವ ಅನುಮಾನ ಜಾಸ್ತಿ. ಕೊಡಗಿನಲ್ಲಿ ಈ ಒಂದು ವ್ಯತ್ಯಾಸ ಎಷ್ಟು ಮುಖ್ಯ ನೋಡಿ. ಮೊದಲನೆಯದಕ್ಕೆ ಏಣಿ, ಕತ್ತಿ ತೆಗೆದುಕೊಂಡು ಹೋಗಿ ಕೊಂಬೆ ಎತ್ತಿದರೆ ಸಾಕು. ಎರಡನೆಯದಕ್ಕೆ ಸ್ಪ್ಲೈಸಿಂಗ್ ಮೆಷಿನ್ ಹೊತ್ತುಕೊಂಡೇ ಹೋಗಬೇಕು. ಏನು ಹೊತ್ತು ಹೋಗಬೇಕು ಅಂತ ಮಡಿಕೇರಿಯಲ್ಲೇ ಗೊತ್ತಾದರೆ ಗಾಳಿಬೀಡು ಕಡೆಗೆ ಎರಡು ಸಲ ಓಡುವುದು ತಪ್ಪುತ್ತದೆ.

ಈಗ ನೆಲಕ್ಕೆ ಇಳಿಯೋಣ. ಮೀಟರ್ 7.148 ಅಂದಿತು. ಹುಡುಗ ಬೈಕ್ ಹತ್ತಿ ಎಕ್ಸ್‌ಚೇಂಜಿನಿಂದ 7.1 ಕಿಲೋಮೀಟರ್ ದೂರಕ್ಕೆ ಬಂದು ನಿಂತ. ಅಲ್ಲಿ ಏನೂ ಇಲ್ಲ. ಕಂಬಗಳು ಸರಿ ಇವೆ, ಕೇಬಲ್ ಸರಿ ಇದೆ. ಯಾಕೆ?

ಕೇಬಲ್ ಒಳಗೆ ಗಾಜಿನ ಎಳೆಗಳು ನೆಟ್ಟಗೆ ಹೋಗುವುದಿಲ್ಲ. ಕೇಬಲ್ ಎಳೆದಾಗ ಗಾಜಿಗೆ ಜಗ್ಗು ಬೀಳಬಾರದು ಅಂತ ಅವನ್ನು ಕೊಳವೆಯೊಳಗೆ ಸಡಿಲವಾಗಿ, ಸುರುಳಿಯಾಗಿ ಬಿಟ್ಟಿರುತ್ತಾರೆ. ಅದರಿಂದ ಗಾಜಿನ ಉದ್ದ ಕೇಬಲಿನ ಉದ್ದಕ್ಕಿಂತ ಜಾಸ್ತಿ. ನೂರಕ್ಕೆ ಒಂದು ಅಂತ ಇಟ್ಟುಕೊಂಡರೂ 7 ಕಿಲೋಮೀಟರಿನಲ್ಲಿ 70 ಮೀಟರ್ ಆಯಿತು. ಆಮೇಲೆ ಜಾಯಿಂಟ್‌ಗಳು. ಕೇಬಲ್ ಸಾಮಾನ್ಯವಾಗಿ 2 ಅಥವಾ 4 ಕಿಲೋಮೀಟರಿನ ಡ್ರಮ್ಮಿನಲ್ಲಿ ಬರುತ್ತದೆ. ಡ್ರಮ್ ಮುಗಿದ ಕಡೆ ಜಾಯಿಂಟ್. ಪ್ರತಿ ಜಾಯಿಂಟಿನ ಎರಡೂ ಕಡೆ ಮುಂದೆ ರಿಪೇರಿಗೆ ಬೇಕು ಅಂತ ಹತ್ತು ಹದಿನೈದು ಮೀಟರ್ ಸುತ್ತಿ ಇಟ್ಟಿರುತ್ತಾರೆ. ಮೂರು ಜಾಯಿಂಟ್ ದಾಟಿದರೆ ಇನ್ನೊಂದು 60 ಮೀಟರ್ ಹೋಯಿತು. ಉಪಕರಣದಲ್ಲಿ ಗಾಜಿನ ವಕ್ರೀಭವನದ ಅಂಕಿ (ಗಾಜಿನಲ್ಲಿ ಬೆಳಕು ಎಷ್ಟು ಪಾಲು ನಿಧಾನ ಅನ್ನುವುದು) 1.468 ಬದಲು 1.463 ಅಂತ ಇದ್ದರೆ ಅದರಿಂದಲೂ ಸುಮಾರು 24 ಮೀಟರ್ ಆಚೀಚೆ.

ಕೂಡಿಸಿದರೆ ನೂರೈವತ್ತು ಮೀಟರ್. ಬಯಲುಸೀಮೆಯ ನೇರ ರಸ್ತೆಯಲ್ಲಾದರೆ ನಿಂತ ಜಾಗದಿಂದಲೇ ಅಷ್ಟು ದೂರ ಕಾಣುತ್ತದೆ. ಮಾಕುಟ್ಟದ ಘಾಟಿಯಲ್ಲಿ, ಸಂಪಾಜೆ ಇಳಿಯುವ ದಾರಿಯಲ್ಲಿ ನೂರೈವತ್ತು ಮೀಟರ್ ಅಂದರೆ ಎರಡು ತಿರುವು. ಒಂದು ತೋಟ ದಾಟಿ ಇನ್ನೊಬ್ಬರ ತೋಟ. ಗೇಟ್ ಬೀಗ, ಒಳಗೆ ಕಾಫಿ ಗಿಡಗಳ ನಡುವೆ ನಡೆಯಲೂ ಆಗದಷ್ಟು ಕಾಡುಗಿಡ, ಜೊತೆಗೆ ಆನೆ ಇದೆಯೋ ಇಲ್ಲವೋ ಅನ್ನುವ ಹೆದರಿಕೆ. ಆ ಹೊತ್ತಿನಲ್ಲಿ ಮಂಜು ಮುಸುಕಿದ್ದರೆ ಮೇಲೆ ನೋಡಿದರೂ ಕೇಬಲ್ ಕಾಣುವುದಿಲ್ಲ.

ಇಲ್ಲಿ ಕೆಲಸದವರಿಗೆ ಗೊತ್ತಿರುವ ಒಂದು ಉಪಾಯ ಇದೆ. ಈ ತಪ್ಪುಗಳಲ್ಲಿ ದೊಡ್ಡವು ಒಂದೇ ಕಡೆಗೆ ವಾಲುತ್ತವೆ. ಗಾಜು ಯಾವಾಗಲೂ ರಸ್ತೆಗಿಂತ ಉದ್ದ. ಹಾಗಾಗಿ ಕಟ್ ಬಹುಪಾಲು ಮೀಟರ್ ಹೇಳಿದ್ದಕ್ಕಿಂತ ಈಚೆಗೇ ಇರುತ್ತದೆ. ಹಿಂದಕ್ಕೆ ನಡೆದು ಬರಬೇಕು, ಮುಂದಕ್ಕಲ್ಲ. ಇದಕ್ಕಿಂತ ಒಳ್ಳೆಯ ದಾರಿ, ಎಕ್ಸ್‌ಚೇಂಜಿನಿಂದ ಅಳೆಯುವುದನ್ನೇ ಬಿಟ್ಟು, ಕಟ್‌ಗೆ ಹತ್ತಿರದ ಜಾಯಿಂಟಿನಿಂದ ಅಳೆಯುವುದು. ಗೆರೆಯಲ್ಲಿ ಮೂರನೇ ಜಾಯಿಂಟ್ 6.050ರಲ್ಲಿ ಕಾಣುತ್ತದೆ, ಕಟ್ 7.148ರಲ್ಲಿ. ಅಂದರೆ ಆ ಜಾಯಿಂಟಿನಿಂದ ಆಚೆಗೆ 1,098 ಮೀಟರ್ ಗಾಜು. ಮೊದಲ ಆರು ಕಿಲೋಮೀಟರಿನ ತಪ್ಪೆಲ್ಲ ಒಮ್ಮೆಗೇ ಬಿದ್ದುಹೋಯಿತು.

ಇನ್ನೂ ಒಂದು ಇದೆ, ಇದನ್ನು ನಾನು ಒತ್ತಿ ಹೇಳಬೇಕು. ಕೇಬಲಿನ ಕಪ್ಪು ಹೊದಿಕೆಯ ಮೇಲೆ ಪ್ರತಿ ಮೀಟರಿಗೂ ಅಂಕಿ ಅಚ್ಚಾಗಿರುತ್ತದೆ. ಜಾಯಿಂಟ್ ಹಾಕುವ ದಿನ ಆ ಡಬ್ಬಿಗೆ ಹೋಗುವ ಕೇಬಲಿನ ಅಂಕಿ ಬರೆದಿಟ್ಟರೆ ಸಾಕು. ಅದು 412 ಅಂತ ಇದ್ದರೆ, ನೂರಕ್ಕೆ ಒಂದರಷ್ಟು ಗಾಜಿನ ಹೆಚ್ಚುವರಿ ಕಳೆದು, 1,500ರ ಆಸುಪಾಸಿನ ಅಂಕಿ ಇರುವ ಜಾಗದಲ್ಲಿ ಕಟ್ ಇದೆ. ಅಂಕಿ ಇಳಿಯುವ ಕಡೆಗೆ ಕೇಬಲ್ ಎಳೆದಿದ್ದರೆ ಕೂಡುವ ಬದಲು ಕಳೆಯಬೇಕು, ಅಷ್ಟೇ. ಸುತ್ತಿಟ್ಟ ಕೇಬಲಿನ ಲೆಕ್ಕವೂ ಬೇಡ, ಅದು ಆ ಅಂಕಿಯೊಳಗೇ ಬಂತು. ತೋಟದೊಳಗೆ ಸಿಕ್ಕಿದ ಕಡೆ ಕೇಬಲ್ ಒರೆಸಿ ಅಂಕಿ ಓದಿದರೆ ಇನ್ನೂ ಎಷ್ಟು ನಡೆಯಬೇಕು ಅಂತ ಗೊತ್ತಾಗುತ್ತದೆ. ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಡ. ಒಂದು ಪುಸ್ತಕ, ಒಂದು ಪೆನ್ನು, ಫೋನಿನಲ್ಲಿ ತೆಗೆದ ಜಿಪಿಎಸ್ ಗುರುತು ಸಾಕು. ಕೇಬಲ್ ಎಳೆಯುವ ಗುತ್ತಿಗೆದಾರ ಬೇರೆ, ಸ್ಪ್ಲೈಸ್ ಮಾಡುವವರು ಬೇರೆ, ಮಳೆಗಾಲದಲ್ಲಿ ರಿಪೇರಿಗೆ ಬರುವವರು ಇನ್ನೂ ಬೇರೆ ಆದಾಗ ಆ ಪುಸ್ತಕ ಯಾರ ಹತ್ತಿರವೂ ಉಳಿಯುವುದಿಲ್ಲ.

ದಾಖಲೆ ಇಲ್ಲದ ಕಡೆ ಇನ್ನೊಂದು ಪರದಾಟದ ವಿಧಾನ ನಡೆಯುತ್ತದೆ. ಒಬ್ಬರು ಓಟಿಡಿಆರ್ ಮುಂದೆ ಕೂರುತ್ತಾರೆ. ಇನ್ನೊಬ್ಬರು ಹೋಗಿ ಯಾವುದೋ ಒಂದು ಜಾಯಿಂಟ್ ಡಬ್ಬಿ ಬಿಚ್ಚಿ ಎಳೆಯನ್ನು ಬೆರಳಿನಲ್ಲಿ ಸ್ವಲ್ಪ ಬಾಗಿಸುತ್ತಾರೆ. ತೆರೆಯಲ್ಲಿ ಮೆಟ್ಟಿಲು ಎಲ್ಲಿ ಮೂಡಿತು ಅಂತ ಫೋನಿನಲ್ಲಿ ಹೇಳಿದರೆ, ತಾವು ನಿಂತ ಜಾಗ ಎಷ್ಟನೇ ಕಿಲೋಮೀಟರ್ ಅಂತ ಗೊತ್ತಾಗುತ್ತದೆ. ಚೆನ್ನಾದ ಉಪಾಯವೇ. ಆದರೆ ಆ ಜಾಗದ ಮೊಬೈಲ್ ಟವರ್ ಕೂಡ ಅದೇ ಫೈಬರ್ ಮೇಲೆ ನಿಂತಿದ್ದರೆ? ಕೇಬಲ್ ಹೋದಾಗ ಫೋನೂ ಹೋಯಿತು. ಆಗ ಮಾತು ದಾಟಿಸಲು ಬೈಕಿನಲ್ಲೇ ಓಡಾಡಬೇಕು.

ಪೂರ್ತಿ ತುಂಡಾಗುವುದು ಒಂದು ರೀತಿಯಲ್ಲಿ ಸುಲಭದ ದೋಷ. ಕಾಣುತ್ತದೆ, ಸರಿ ಮಾಡುತ್ತಾರೆ. ನನಗೆ ಹೆಚ್ಚು ಚಿಂತೆಯಾಗುವುದು ನಿಧಾನವಾಗಿ ಕೂಡುವ ಲಾಸ್.

ಮನೆಗೆ ಬರುವ ಫೈಬರ್ ಬಹುಪಾಲು ಜಿಪಾನ್ ಎಂಬ ವ್ಯವಸ್ಥೆಯದು. ಎಕ್ಸ್‌ಚೇಂಜಿನಿಂದ ಹೊರಟ ಒಂದು ಎಳೆಯ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್ ಇಟ್ಟು ಹಲವು ಮನೆಗಳಿಗೆ ಹಂಚುತ್ತಾರೆ. 32 ಮನೆಗೆ ಹಂಚಿದರೆ ಅಲ್ಲೇ ಸುಮಾರು 17 ಡಿಬಿ ಹೋಗುತ್ತದೆ. ಸಾಮಾನ್ಯವಾಗಿ ಬಳಸುವ ದರ್ಜೆಯಲ್ಲಿ ಇಡೀ ದಾರಿಗೆ ಸಿಗುವ ಅವಕಾಶ 28 ಡಿಬಿ. ಮನೆಯ ಮೋಡೆಮ್ ಮೈನಸ್ 27 ಡಿಬಿಎಂ ತನಕ ಓದಬಲ್ಲದು. ಅದು ಒಂದು ಮಿಲಿವ್ಯಾಟಿನ ಐನೂರನೇ ಒಂದು ಭಾಗದಷ್ಟು ಬೆಳಕು.

ಒಂದು ಲೈನ್ ಊಹಿಸಿಕೊಳ್ಳಿ. ಎಕ್ಸ್‌ಚೇಂಜಿನಿಂದ ಪ್ಲಸ್ 3 ಡಿಬಿಎಂ ಬೆಳಕು ಹೊರಟಿತು. 12 ಕಿಲೋಮೀಟರ್ ದಾರಿಗೆ 3 ಡಿಬಿ, ಸ್ಪ್ಲಿಟರ್‌ಗಳಿಗೆ 17.5, ಹತ್ತು ಸ್ಪ್ಲೈಸ್‌ಗೆ 1, ಕನೆಕ್ಟರ್‌ಗಳಿಗೆ ಒಂದೂವರೆ. ಮನೆಗೆ ಬಂದಾಗ ಮೈನಸ್ 20. ಇನ್ನೂ 7 ಡಿಬಿ ಕೈಯಲ್ಲಿದೆ, ಒಳ್ಳೆಯ ಲೈನ್. ಈಗ ವರ್ಷಕ್ಕೆ ಎರಡು ಕಟ್ ಅಂತ ಇಟ್ಟುಕೊಳ್ಳಿ. ಹಾಳಾದ ಭಾಗ ತೆಗೆದು ಹೊಸ ತುಂಡು ಸೇರಿಸಿದರೆ ಪ್ರತಿ ಕಟ್‌ಗೂ ಎರಡು ಹೊಸ ಜಾಯಿಂಟ್. ನೆಟ್ಟಗೆ ಕತ್ತರಿಸಿ, ಒಣಗಿಸಿ, ಒಳ್ಳೆಯ ಮೆಷಿನ್‌ನಲ್ಲಿ ಸ್ಪ್ಲೈಸ್ ಮಾಡಿದರೆ ಒಂದಕ್ಕೆ 0.05 ಡಿಬಿ. ಮೂರು ವರ್ಷದ ಆರು ಕಟ್ ಸೇರಿ 0.6 ಡಿಬಿ, ಏನೂ ಅಲ್ಲ. ಕೊಡೆ ಹಿಡಿದು, ಒದ್ದೆ ಕೈಯಲ್ಲಿ, ಕತ್ತಲಾಗುವ ಮುಂಚೆ ಮುಗಿಸಬೇಕು ಅಂತ ಮಾಡಿದ ಸ್ಪ್ಲೈಸ್‌ಗೆ 0.5 ಡಿಬಿ ಆದರೆ? ಮೂರು ವರ್ಷಕ್ಕೆ 6 ಡಿಬಿ. ಲೈನ್ ಮೈನಸ್ 26ಕ್ಕೆ ಬಂದು ನಿಂತಿತು. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಜುಲೈನಲ್ಲಿ ನೆನೆದ ಕೊಂಬೆಯೊಂದು ಕೇಬಲ್ ಮೇಲೆ ಒರಗಿ ಒಂದೂವರೆ ಡಿಬಿ ಬಾಗು ಕೊಟ್ಟರೆ ಕೆಂಪು ದೀಪ. ಕೊಂಬೆ ತೆಗೆದರೆ ಹಸಿರು. ಮತ್ತೆ ಗಾಳಿ ಬೀಸಿದರೆ ಕೆಂಪು.

‘ಮಳೆ ಬಂದ್ರೆ ನೆಟ್ ಹೋಗುತ್ತೆ’ ಅಂತ ನಾವು ಹೇಳುವುದರ ಹಿಂದೆ ಬಹಳ ಸಲ ಇರುವುದು ಈ ಲೆಕ್ಕ. ಬೆಳಕಿಗೆ ಮಳೆಯಿಂದ ಏನೂ ಆಗುವುದಿಲ್ಲ. ಕೈಯಲ್ಲಿದ್ದ 7 ಡಿಬಿಯನ್ನು ಹಳೆಯ ರಿಪೇರಿಗಳು ತಿಂದುಹಾಕಿರುತ್ತವೆ. ಮುಚ್ಚಳ ಸರಿಯಾಗಿ ಕೂರದ ಜಾಯಿಂಟ್ ಡಬ್ಬಿಗೆ ನೀರು ಹೋದರೂ ಅವತ್ತೇ ಲಾಸ್ ಕಾಣುವುದಿಲ್ಲ. ಆದರೆ ಜಗ್ಗಿನಲ್ಲಿರುವ ಗಾಜಿನ ಸಣ್ಣ ಬಿರುಕುಗಳು ನೀರು ತಾಗಿದರೆ ಬೇಗ ಬೆಳೆಯುತ್ತವೆ. ತಿಂಗಳುಗಳ ನಂತರ ಒಂದು ದಿನ ಎಳೆ ತಾನಾಗಿ ಮುರಿಯುತ್ತದೆ.

ನಮ್ಮ ತೋಟಗಳಲ್ಲಿ ಕೇಬಲ್ ಹೋಗಿರುವ ರೀತಿಯೂ ಇದಕ್ಕೆ ಸೇರುತ್ತದೆ. ಕರೆಂಟ್ ಕಂಬದಿಂದ ಸಿಲ್ವರ್ ಮರಕ್ಕೆ, ಅಲ್ಲಿಂದ ಇನ್ನೊಂದು ಮರಕ್ಕೆ ಕಟ್ಟಿಕೊಂಡು ಹೋದ ಕೇಬಲ್ ನೋಡದವರು ಯಾರಿದ್ದಾರೆ? ಮರ ಗಾಳಿಗೆ ಆಡುತ್ತದೆ, ಕಟ್ಟಿದ ತಂತಿ ಕೇಬಲನ್ನು ಕಡಿಯುತ್ತದೆ. ಮಳೆಗೆ ಮುಂಚೆ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಕೊಂಬೆ ಬೀಳುತ್ತದೆ. ಅಳಿಲು, ಇಲಿ ಕಡಿಯುತ್ತವೆ. ಆನೆ ತಳ್ಳಿದ ಮರ ಎರಡು ಕಂಬಗಳನ್ನೂ ಎಳೆದುಕೊಂಡು ಬೀಳುತ್ತದೆ. ಮರಗಸಿ ಮಾಡಿಸುವವರು ಕೇಬಲ್ ಯಾವ ಮರದಲ್ಲಿದೆ ಅಂತ ಕೆಲಸದವರಿಗೆ ಮೊದಲೇ ತೋರಿಸಿದರೆ ಎಷ್ಟೋ ಕಟ್ ತಪ್ಪುತ್ತದೆ.

ಮನೆಯವರೂ ಒಂದು ಅಳತೆ ಇಟ್ಟುಕೊಳ್ಳಬಹುದು. ಬಹಳಷ್ಟು ಮೋಡೆಮ್‌ಗಳ ಒಳಪುಟದಲ್ಲಿ ಆರ್‌ಎಕ್ಸ್ ಪವರ್ ಅಂತ ಒಂದು ಸಾಲು ಇರುತ್ತದೆ, ಮನೆಗೆ ಬಂದು ಮುಟ್ಟಿದ ಬೆಳಕಿನ ಅಳತೆ. ಲೈನ್ ಚೆನ್ನಾಗಿರುವಾಗ ಅದನ್ನು ಬರೆದಿಡಿ. ಕಳೆದ ಮೇ ತಿಂಗಳಲ್ಲಿ ಮೈನಸ್ 21 ಇದ್ದದ್ದು ಈಗ ಮೈನಸ್ 25 ಆಗಿದ್ದರೆ, ನೆಟ್ ನಡೆಯುತ್ತಾ ಇದ್ದರೂ ದೂರು ಕೊಡಬೇಕು. ‘ನೆಟ್ ಸ್ಲೋ’ ಅಂತ ಹೇಳುವುದಕ್ಕಿಂತ ‘4 ಡಿಬಿ ಕಮ್ಮಿಯಾಗಿದೆ’ ಅಂತ ಹೇಳಿದರೆ ಕೆಲಸ ಬಲ್ಲವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ. ಪಕ್ಕದ ಮನೆಯಲ್ಲೂ ಅಷ್ಟೇ ಇಳಿದಿದ್ದರೆ ದೋಷ ಸ್ಪ್ಲಿಟರ್‌ಗಿಂತ ಎಕ್ಸ್‌ಚೇಂಜ್ ಕಡೆಗೆ. ನಿಮ್ಮ ಮನೆಯಲ್ಲಿ ಮಾತ್ರ ಆದರೆ ಸ್ಪ್ಲಿಟರ್‌ನಿಂದ ನಿಮ್ಮ ಮನೆಗೆ ಬರುವ ತುಂಡಿನಲ್ಲಿ. ಅಂಥ ತುಂಡನ್ನು ಓಟಿಡಿಆರ್‌ನಲ್ಲಿ ಎಕ್ಸ್‌ಚೇಂಜ್ ಕಡೆಯಿಂದ ನೋಡಿದರೆ ಎಲ್ಲ ಮನೆಗಳ ಗೆರೆಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ. ಮನೆ ಕಡೆಯಿಂದ ಮೇಲಕ್ಕೆ ಅಳೆಯಬೇಕು. ಉಳಿದ ಮನೆಗಳ ಸಂಪರ್ಕ ಕೆಡದಂತೆ 1625 ಅಥವಾ 1650 ನ್ಯಾನೋಮೀಟರ್ ಬೆಳಕು ಬಳಸಬೇಕು.

ಇದು ಬರೀ ಮನೆಯ ಮನರಂಜನೆಯ ಪ್ರಶ್ನೆ ಅಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜರಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಅಂಥ ದಿನಗಳಲ್ಲಿ ಒಳಗಿನ ಊರಿನವರು ಬದುಕಿದ್ದಾರಾ, ರಸ್ತೆ ಇದೆಯಾ ಅಂತ ತಿಳಿಯಲು ಇರುವುದು ಇದೇ ಎಳೆ. ಕೋವಿಡ್ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ಕೊಡಗಿನಲ್ಲಿ ಯಾರೂ ಮರೆತಿಲ್ಲ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಆಮೇಲೆ ಭಾರತ್‌ನೆಟ್ ಆಯಿತು. 2023ರ ಆಗಸ್ಟ್‌ನಲ್ಲಿ ಒಪ್ಪಿದ ಪರಿಷ್ಕೃತ ಯೋಜನೆಯಲ್ಲಿ ಫೈಬರ್ ಅನ್ನು ಉಂಗುರದ ಹಾಗೆ ಜೋಡಿಸಬೇಕು ಅಂತ ಇದೆ. ಒಂದು ಕಡೆ ಕಟ್ ಆದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯಲಿ ಅನ್ನುವ ಉದ್ದೇಶ. ಬಹಳ ಸರಿಯಾದ ಯೋಚನೆ. ಆದರೆ ಕೊಡಗಿನಲ್ಲಿ ಎಷ್ಟೋ ಪಂಚಾಯಿತಿಗಳಿಗೆ ವಾಹನ ಹೋಗುವ ರಸ್ತೆ ಒಂದೇ. ಉಂಗುರದ ಎರಡೂ ಕೈಗಳು ಅದೇ ರಸ್ತೆಯ ಎರಡು ಬದಿಯಲ್ಲಿ ಹೋದರೆ, ಗುಡ್ಡದ ಬರೆ ಕುಸಿದಾಗ ಎರಡೂ ಒಟ್ಟಿಗೆ ಹೋಗುತ್ತವೆ. ನಕ್ಷೆಯಲ್ಲಿ ಮಾತ್ರ ಅದು ಉಂಗುರ. ಎರಡನೇ ಕೈ ತೋಟದ ದಾರಿಯಲ್ಲೋ ವಿದ್ಯುತ್ ಲೈನಿನ ಜೊತೆಗೋ ಬೇರೆ ಗುಡ್ಡದ ಮೇಲಿಂದ ಬರಬೇಕು.

ಅಗೆತದಿಂದ ಆಗುವ ಕಟ್ ತಡೆಯಲು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅನ್ನುವ ಆ್ಯಪ್ ಬಂತು. ಅಗೆಯುವವರು ಮೊದಲೇ ತಿಳಿಸಿದರೆ ಅಲ್ಲಿ ಕೇಬಲ್ ಇರುವವರಿಗೆ ಸುದ್ದಿ ಹೋಗುತ್ತದೆ. ಎಲ್ಲೆಂದರಲ್ಲಿ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಸರ್ಕಾರವೇ ಆಗ ಹೇಳಿತ್ತು. ಇಲ್ಲೂ ಅದೇ ಮಾತು ಬರುತ್ತದೆ. ಕೇಬಲ್ ಎಲ್ಲಿದೆ ಅಂತ ಅದರ ಮಾಲೀಕರಿಗೇ ಸರಿಯಾಗಿ ಗೊತ್ತಿಲ್ಲದಿದ್ದರೆ ಜೆಸಿಬಿಯವರು ಕೇಳಿಯೂ ಏನು ಪ್ರಯೋಜನ?

ಎಕ್ಸ್‌ಚೇಂಜಿನಲ್ಲೇ ಓಟಿಡಿಆರ್ ಅನ್ನು ಶಾಶ್ವತವಾಗಿ ಜೋಡಿಸಿ, ಹಗಲೂ ರಾತ್ರಿ ತಾನಾಗಿ ಗೆರೆ ತೆಗೆದು ಹಳೆಯ ಗೆರೆಯ ಜೊತೆ ಹೋಲಿಸುವ ವ್ಯವಸ್ಥೆಯೂ ಇದೆ. ಅರ್ಧ ಡಿಬಿ ಬದಲಾದರೂ ಎಚ್ಚರಿಸುವಂತೆ ಮಾಡಬಹುದು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯಂಥ ಊರುಗಳಿಂದ ಹೊರಡುವ ಮುಖ್ಯ ಕೇಬಲ್‌ಗಳಿಗಾದರೂ ಇದು ಬರಬೇಕು ಅಂತ ನನ್ನ ಆಸೆ. ಆದರೆ ಅದಕ್ಕೂ ಬೇಕಾದ್ದು ಚೆನ್ನಾಗಿದ್ದ ದಿನದ ಗೆರೆ.

ಆ ಗೆರೆ ಉಳಿಸುವುದು ಕಷ್ಟದ ಕೆಲಸವೇ ಅಲ್ಲ. ಓಟಿಡಿಆರ್ ಪ್ರತಿ ಅಳತೆಯನ್ನೂ ಎಸ್‌ಒಆರ್ ಅನ್ನುವ ಚಿಕ್ಕ ಫೈಲಾಗಿ ಉಳಿಸುತ್ತದೆ. ಯಾವ ಕಂಪನಿಯ ಉಪಕರಣದಲ್ಲಿ ತೆಗೆದರೂ ಬೇರೆಯದರಲ್ಲಿ ಬಿಡಿಸಿ ನೋಡಬಹುದು. ವಾಟ್ಸಾಪ್‌ನಲ್ಲಿ ಕಳಿಸುವ ಒಂದು ಫೋಟೋಗಿಂತಲೂ ಚಿಕ್ಕದು. ಪಂಚಾಯಿತಿಗೆ ಬಂದ ಫೈಬರ್ ಆಗಲಿ, ರಸ್ತೆ ಬದಿಯಲ್ಲಿ ಅನುಮತಿ ಪಡೆದು ಎಳೆದ ಖಾಸಗಿ ಕೇಬಲ್ ಆಗಲಿ, ಕೆಲಸ ಮುಗಿದ ದಿನ ಎರಡೂ ತುದಿಯಿಂದ, ಎರಡೂ ಬಣ್ಣದಲ್ಲಿ ತೆಗೆದ ಗೆರೆಗಳನ್ನು, ಪ್ರತಿ ಜಾಯಿಂಟಿನ ಜಿಪಿಎಸ್ ಗುರುತು ಮತ್ತು ಹೊದಿಕೆಯ ಅಂಕಿಯ ಜೊತೆ ಕೊಟ್ಟ ಮೇಲೆಯೇ ಬಿಲ್ ಪಾಸ್ ಮಾಡಬೇಕು. ಪ್ರತಿ ರಿಪೇರಿಯ ನಂತರವೂ ಅದೇ. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಒಂದು ಸಲ, ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಇನ್ನೊಂದು ಸಲ ಗೆರೆ ತೆಗೆದು ಹೋಲಿಸಿದರೆ ಆ ವರ್ಷ ಅವಸರದಲ್ಲಿ ಹಾಕಿದ ಕೆಟ್ಟ ಜಾಯಿಂಟ್‌ಗಳು ಒಂದೊಂದಾಗಿ ಕಾಣುತ್ತವೆ. ಡಿಸೆಂಬರ್ ಬಿಸಿಲಿನಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ, ಒಣ ಕೈಯಲ್ಲಿ ಅವನ್ನು ಬಿಚ್ಚಿ ಮತ್ತೆ ಸ್ಪ್ಲೈಸ್ ಮಾಡಬಹುದು.